ಎಪ್ಪತ್ನಾಲ್ಕನೇ ನಂಬರಿನ ಕ್ಯಾಸಿಮಿರ್

ಕ್ಯಾಸಿಮಿರ್ ದೊಂಬೆಕ್ ಹುಟ್ಟುವಾಗಲೇ ದೊಡ್ಡವನು. ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡ ಫಾದರ್ ಝಿಗ್ಮಂಟರಿಗೆ ಸೊಂಟ ಹಿಡಿಯಿತೆಂದು ನಮ್ಮೂರ ಹೆಂಗಸರು ಈಗಲೂ ಹೇಳುತ್ತಾರೆ. ಹಾಲಿನ ಕ್ಯಾನುಗಳನ್ನು ಬಗಲಲ್ಲಿ ಅವುಚಿಕೊಂಡು ನಡೆಯುತ್ತಿದ್ದ ಹುಡುಗನನ್ನು ಶಾಲೆಯವರು ಚೆಂಡನ್ನು ಕೈಯಲ್ಲಿ ಎಸೆದಾಡುವ ಅಮೆರಿಕನ್ ಫುಟ್‌ಬಾಲ್‌ಗೆ ಎಳೆದರು. ಅಲ್ಲಿಂದ ಕಾಲೇಜು, ಕಾಲೇಜಿನಿಂದ ಸಂಬಳ ಕೊಡುವ ದೊಡ್ಡ ತಂಡ. ವಿಸ್ಕಾನ್ಸಿನ್ನಿನ ನಮ್ಮ ಊರಿನಿಂದ ಅಷ್ಟು ದೂರ ಹೋದವನು ಅವನೊಬ್ಬನೇ.

ಅವನ ಕೆಲಸವೆಂದರೆ ಚೆಂಡು ಮುಟ್ಟದಿರುವುದು. ಚೆಂಡು ಎಸೆಯುವವನ ಮುಂದಿನ ಸಾಲಿನಲ್ಲಿ ನಿಂತು, ನುಗ್ಗಿ ಬರುವವರನ್ನು ತಡೆಯಬೇಕು. ತಳ್ಳಬಹುದು, ಅಂಗಿ ಹಿಡಿಯುವಂತಿಲ್ಲ. ಚೆನ್ನಾಗಿ ತಡೆದರೆ ರೇಡಿಯೊದವರು ಅವನ ಸುದ್ದಿಯನ್ನೇ ಎತ್ತುವುದಿಲ್ಲ. ಅಂಗಿ ಹಿಡಿದು ಸಿಕ್ಕಿಬಿದ್ದರೆ ಮಾತ್ರ ತೀರ್ಪುಗಾರರು ಅವನ ಬೆನ್ನ ಮೇಲಿನ ನಂಬರನ್ನು ಮೈಕಿನಲ್ಲಿ ಸಾರುತ್ತಾರೆ: "ಹಿಡಿದದ್ದು, ಎಪ್ಪತ್ನಾಲ್ಕನೇ ನಂಬರು!" ಅದಕ್ಕೆ ದಂಡವಾಗಿ ತಂಡ ಹತ್ತು ಗಜ ಹಿಂದೆ ಸರಿಯಬೇಕು.

ಅವನನ್ನು ಸಾಕಿದ ಅಜ್ಜಿ ಅಪೊಲೋನಿಯಾಗೆ ಕಣ್ಣು ಕಾಣುತ್ತಿರಲಿಲ್ಲ, ಆಟ ತಿಳಿಯುತ್ತಿರಲಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ನನ್ನ ಪಕ್ಕ ಕೂತು ರೇಡಿಯೊ ಕೇಳುವರು. ಮೊದಲ ಸಲ ಆ ನಂಬರು ಕೇಳಿದಾಗ ಎದ್ದೇ ನಿಂತರು.

"ಕೇಳಿದ್ರಾ? ಹಿಡಿದ್ನಂತೆ! ಅಷ್ಟು ಜನ ಆಡ್ತಿದ್ರೂ ಇವನೊಬ್ಬನ್ನೇ ಕರೆದು ಹೇಳಿದ್ರು!"

ಫಾದರ್ ಬಾಯಿ ತೆರೆದರು, ಅಜ್ಜಿಯ ಮುಖ ನೋಡಿ ಮುಚ್ಚಿಕೊಂಡರು. ಯಾರೋ ಚಪ್ಪಾಳೆ ತಟ್ಟಿದರು. ಅಂದಿನಿಂದ ಅದೇ ಪದ್ಧತಿಯಾಯಿತು: ನಂಬರು ಕೇಳಿದರೆ ಚಪ್ಪಾಳೆ, ಅಜ್ಜಿಯ ಕೈಯಿಂದ ಎಲ್ಲರಿಗೂ ಗಸಗಸೆ ರೊಟ್ಟಿ. ಆ ವರ್ಷ ನಾವೆಲ್ಲ ದಪ್ಪಗಾದೆವು.

ಕೋಚ್ ಮಾತ್ರ ಸೊರಗಿದರು. "ಇನ್ನೊಂದ್ಸಲ ನಿನ್ನಿಂದ ಹತ್ತು ಗಜ ಹೋದ್ರೆ ಗಂಟುಮೂಟೆ ಕಟ್ಟು," ಎಂದುಬಿಟ್ಟರು.

ಕ್ಯಾಸಿಮಿರ್ ಮುಷ್ಟಿ ಬಿಗಿದು ಆಡತೊಡಗಿದ. ವಾರಗಟ್ಟಲೆ ನಂಬರು ಬರಲಿಲ್ಲ. ಅಜ್ಜಿ ಊಟ ಬಿಟ್ಟರು. "ನನ್ ಮಗು ಕೈಲಾಗದವನಾದ," ಎಂದು ಜಪಮಾಲೆ ಹಿಡಿದು ಮಂಚ ಸೇರಿದರು. ನಾನು ಅವನಿಗೆ ಫೋನ್ ಮಾಡಿ ಚಪ್ಪಾಳೆಯಿಂದ ಹಿಡಿದು ಎಲ್ಲ ಹೇಳಿದೆ.

"ಅಜ್ಜಿಗೆ ನಿಜ ಹೇಳಿಬಿಡಿ ಅಕ್ಕಾ."

"ನೀನೇ ಹೇಳಪ್ಪ. ನನ್ ಕೈಲಾಗಲ್ಲ."

"ಹಿಡಿದ್ರೆ ಕೆಲ್ಸ ಹೋಗುತ್ತೆ, ಹಿಡೀದಿದ್ರೆ ಅಜ್ಜಿ ಹೋಗ್ತಾಳೆ," ಎಂದ.

ಮುಂದಿನ ಭಾನುವಾರ ಅಜ್ಜಿಯನ್ನು ಕುರ್ಚಿಸಮೇತ ಎತ್ತಿ ತಂದು ರೇಡಿಯೊ ಮುಂದೆ ಕೂರಿಸಿದೆವು. ಆಟದ ನಡುವೆ ಚೆಂಡು ಎಸೆಯುವವನು ಎದುರಾಳಿಯೊಬ್ಬನ ಕೈಗೆ ಸಿಕ್ಕಿ ಕುಸಿಯುತ್ತಿದ್ದ. ತಂಡದ ಸರದಿ ಹೇಗೂ ಮುಗಿದಂತೆಯೇ. ಅಂಥ ಹೊತ್ತಿನಲ್ಲಿ ಎದುರಾಳಿಗಳು ದಂಡ ಹಾಕಿಸಿದರೆ ಇವರಿಗೆ ಆ ಸರದಿ ಮತ್ತೆ ಆಡಲು ಸಿಗುತ್ತದೆ, ಅದಕ್ಕೆ ಅವರು ದಂಡ ಬೇಡವೆನ್ನುತ್ತಾರೆ. ಗಜ ಹೋಗುವುದಿಲ್ಲ. ನಂಬರನ್ನು ಮಾತ್ರ ಸಾರಲೇಬೇಕು. ಕ್ಯಾಸಿಮಿರ್ ತನ್ನೆದುರಿನವನ ಅಂಗಿಯನ್ನು ಎರಡೂ ಕೈಯಲ್ಲಿ, ಇಡೀ ಮೈದಾನಕ್ಕೆ ಕಾಣುವಂತೆ ಹಿಡಿದ.

"ಬಿಡೋ ಮಾರಾಯ, ನಿಮ್ಮವನು ಬಿದ್ದೇ ಹೋದ!" ಎಂದನಂತೆ ಆತ.

"ತಡ್ಕೋ, ತೀರ್ಪುಗಾರರು ಇನ್ನೂ ನೋಡಿಲ್ಲ."

ರೇಡಿಯೊ ಸಾರಿತು: "ಹಿಡಿದದ್ದು, ಎಪ್ಪತ್ನಾಲ್ಕನೇ ನಂಬರು! ಎದುರು ತಂಡ ಬೇಡವೆಂದಿದೆ."

ನಮ್ಮ ಚಪ್ಪಾಳೆಯ ನಡುವೆ ಅಜ್ಜಿ ಕೈಯೆತ್ತಿದರು.

"ಬೇಡ ಅಂದ್ರಾ? ಅಷ್ಟು ಚೆನ್ನಾಗಿ ಹಿಡಿದ್ರೂ?"

"ಹೌದಂತೆ," ಎಂದೆ.

"ಪಾಪ, ಹೊಟ್ಟೆಕಿಚ್ಚು. ಫಾದರ್, ಆ ಮಕ್ಕಳಿಗೋಸ್ಕರ ಪ್ರಾರ್ಥನೆ ಮಾಡಿ."

ಫಾದರ್ ಮೊಣಕಾಲೂರಿದರು. ನಾವೂ ಊರಿದೆವು. ಮನಸಾರೆ ಮಾಡಿದ ಪ್ರಾರ್ಥನೆ. ಅಂದು ಎದುರು ತಂಡವೇ ಗೆದ್ದಿತು. ಕೋಚ್ ಚೆಂಡು ಎಸೆಯುವವನನ್ನು ಬೈಯುವುದರಲ್ಲಿ ಕ್ಯಾಸಿಮಿರನನ್ನು ಮರೆತರು. ಕಾಲು ಕೈಕೊಡುವವರೆಗೂ ಅವನು ಆ ಸಾಲಿನಲ್ಲೇ ಉಳಿದ.