ಅಪ್ಪ ಮಾಡಿದ ದಣಪೆ

ಪಕ್ಕದ ಮನೆಯ ಸುಬ್ಬಕ್ಕನ ತಿಥಿ ಊಟ ಮುಗಿಸಿ ಬಂದು ನಮ್ಮ ಗೇಟಿನ ಗುಂಡಿ ಒತ್ತಿದೆ. ಕಂಬದ ಡಬ್ಬಿಯಿಂದ ತಮ್ಮನ ದನಿ ಬಂತು: “ಯಾರು?” ಅವನಿರುವುದು ಕೊಪ್ಪದ ಅಂಗಡಿಯಲ್ಲಿ, ಕಮ್ಮರಡಿಯ ಈ ಗೇಟಿಗೆ ಅಲ್ಲಿಂದಲೇ ಫೋನಿನಲ್ಲಿ ಮಾತಾಡುತ್ತಾನೆ. ದಿನವೂ ಕೇಳುವ ಪ್ರಶ್ನೆಯೇ. ಇವತ್ತು ಮಾತ್ರ ಅಪ್ಪನ ದಣಪೆ ನೆನೆಯುತ್ತ ನಿಂತೆ.

ನೀವು ದಣಪೆ ನೋಡಿದ್ದೀರೋ ಇಲ್ಲವೋ. ತೂತು ಕೊರೆದ ಎರಡು ಕಂಬ, ನಡುವೆ ಅಡ್ಡಕೋಲುಗಳು. ಬಂದವರು ಕೋಲು ಸರಿಸಿ ಒಳಗೆ ಬರಬೇಕು, ಮತ್ತೆ ಹಾಕಬೇಕು. ದನಕ್ಕೆ ಆ ಬುದ್ಧಿಯಿಲ್ಲ, ಮನುಷ್ಯರಿಗಿದೆ ಎಂಬ ನಂಬಿಕೆಯ ಮೇಲೆ ನಿಂತ ಯಂತ್ರ ಅದು. ಗೇಟಿರುವ ಜಾಗದಲ್ಲಿ ಮೊದಲು ಅಪ್ಪ ಮಾಡಿದ ದಣಪೆಯಿತ್ತು. ಸುಬ್ಬಕ್ಕ ಕೈ ಮುರಿದುಕೊಂಡ ಮೇಲೆ ಭಾರ ಎತ್ತಲಾರದೆ ಹೋದಾಗ, ಅಪ್ಪ ಮರದ ಕೋಲು ತೆಗೆದು ಒಣಬಿದಿರು ಹಾಕಿದರು; ಸಿಬಿರು ಚುಚ್ಚದಂತೆ ತುದಿಗಳನ್ನು ಕೆತ್ತಿ ಉಜ್ಜಿದರು. ಕೆಲವೇ ದಿನದಲ್ಲಿ ಎಮ್ಮೆಯೊಂದು ಅದನ್ನು ಮೂತಿಯಿಂದ ತಳ್ಳಿಕೊಂಡು ಬಂದು ಅಮ್ಮನ ಬಸಳೆ ಚಪ್ಪರ ಮುಗಿಸಿತು. ಅಮ್ಮ ಬೈದಳು.

“ದನ ಒಂದೇ ನೆನಪಿದ್ರೆ ಸಾಕಾಗಲ್ಲ ಮಾರಾಯ್ತಿ,” ಎಂದರು ಅಪ್ಪ. “ಬರೋರ ಕೈನೂ ನೆನಪಿರ್ಬೇಕು.”

ಸುಬ್ಬಕ್ಕ ಬಂದದ್ದು ನಮಗೆ ತಿಳಿಯುತ್ತಿದ್ದುದು ಅಡುಗೆಮನೆಯಲ್ಲೇ: “ಎಂತ ಸಾರೇ ಇವತ್ತು?”

ಅಪ್ಪ ಹೋದರು, ಬಿದಿರೂ ಲಡ್ಡಾಗಿ ಪುಡಿಯಾಯಿತು. ತಮ್ಮ ಈ ಗೇಟು ಹಾಕಿಸಿದ. ತಪ್ಪೇನಲ್ಲ, ನಾವಿಲ್ಲದಾಗ ಯಾರು ಬಂದರೆಂದು ತಿಳಿಯಬೇಡವೇ? ನಾನೂ ನೆಂಟರ ಮುಂದೆ ಮನೆಯೊಳಗಿನ ಗುಂಡಿ ಒತ್ತಿ, ಬೆರಳಲ್ಲೇ ತೆರೆದು ಮುಚ್ಚಿ ಜಂಬ ಕೊಚ್ಚಿಕೊಂಡವಳೇ. ಒಮ್ಮೆ ಕರೆಂಟು ಹೋಗಿ ಅದು ನನ್ನನ್ನೇ ಹೊರಗೆ ನಿಲ್ಲಿಸಿದ್ದು ಬೇರೆ ಮಾತು.

ಸುಬ್ಬಕ್ಕ ತಟ್ಟೆಯಲ್ಲಿ ಪತ್ರೊಡೆ ಹಿಡಿದು ಬಂದ ದಿನ ಅವರನ್ನೂ ಡಬ್ಬಿ “ಯಾರು?” ಎಂದು ಕೇಳಿತು. ನಾನು ಓಡಿ ಬರುವಷ್ಟರಲ್ಲಿ ಅವರು ಹಿಂದಿರುಗಿಯಾಗಿತ್ತು. ಸಂಜೆ ಅವರ ಮನೆಗೆ ಹೋದೆ. ನಗುತ್ತಲೇ ಹೇಳಿದರು: “ನೀ ಹುಟ್ಟಿದಾಗ ಮೊದಲು ಎತ್ತಿಕೊಂಡೋಳು ನಾನು ಕಣೆ. ಯಾರು ಅಂದ್ರೆ ಎಂತ ಹೇಳ್ಲಿ?”

ಆ ಡಬ್ಬಿ ಮಾಡಿದವರ ತಲೆಯಲ್ಲಿ ಕಳ್ಳ ಇದ್ದ, ಸುಬ್ಬಕ್ಕ ಇರಲಿಲ್ಲ. ಆಮೇಲೆ ಕರೆದಾಗಲೆಲ್ಲ ಅವರು ಹೂಂ ಅಂದರು, ಬರಲಿಲ್ಲ. ಇನ್ನು ಬರುವುದೂ ಇಲ್ಲ. ಅದನ್ನು ನೆನೆದು ಗೇಟಿನ ಮುಂದೆಯೇ ಅಳು ಬಂತು.

ಡಬ್ಬಿ ಮತ್ತೆ ಕೇಳಿತು.

“ನಾನು,” ಎಂದೆ. “ತಮ್ಮಾ, ಈ ಕೇಳೋದನ್ನ ನಿಲ್ಸೋಕೆ ಬರ್ತದಾ?”

“ನಿಲ್ಸಬಹುದು ಅಕ್ಕ. ಆದ್ರೆ ಹೇಳದೆ ಕೇಳದೆ ಬರೋರು ಇನ್ನು ಯಾರಿದಾರೆ?”

ಗೇಟು ತೆರೆದುಕೊಂಡಿತು. ಒಳಗೆ ಬಂದವಳು, ಎಷ್ಟೋ ವರ್ಷದ ಮೇಲೆ, ಹಿಂದೆ ತಿರುಗಿ ಕೋಲು ಹಾಕಲು ಕೈ ಚಾಚಿದೆ. ಗೇಟು ಆಗಲೇ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.