ಊಟ ಬಿಟ್ಟವಳ ಅಣ್ಣ

ಗೊಂಡಲದ ಹಳೇ ಬಸ್ ಸ್ಟ್ಯಾಂಡಿನ ಎದುರು ಗಾಂಠಿಯಾ ಕರಿಯುತ್ತಿದ್ದ ಪ್ರಾಗಜಿಭಾಯಿಯನ್ನು ಊರು ಎರಡು ಕಾರಣಕ್ಕೆ ಬಲ್ಲದು. ಒಂದು, ಅವನ ಕೈರುಚಿ. ಕಡಲೆಹಿಟ್ಟಿನ ಮುದ್ದೆಯನ್ನು ಮಣೆಯ ಮೇಲಿಟ್ಟು ಅಂಗೈ ಬುಡದಿಂದ ಒಮ್ಮೆ ತಳ್ಳಿದರೆ ಗಾಂಠಿಯಾ ತಾನಾಗಿಯೇ ಎಣ್ಣೆಗೆ ಇಳಿದಂತೆ ಕಾಣುತ್ತಿತ್ತು. ಇನ್ನೊಂದು, ಅನ್ನ ನೀರು ಬಿಟ್ಟು ಬದುಕಿದ್ದೇನೆ ಎನ್ನುವವರ ಸುದ್ದಿ ಕೇಳಿದರೆ ಅವನಿಗೆ ಬರುತ್ತಿದ್ದ ನಗು. ಆ ಸೀಮೆಯಲ್ಲಿ ಅಂಥವರಿಗೆ ಬರವಿರಲಿಲ್ಲ. ಒಬ್ಬರು ಬಿಸಿಲು ಕುಡಿಯುತ್ತಿದ್ದರು, ಇನ್ನೊಬ್ಬರು ಗಾಳಿ ಸೇವಿಸುತ್ತಿದ್ದರು, ಮತ್ತೊಬ್ಬರಿಗೆ ದೇವಿ ಅಂಗುಳಲ್ಲಿ ಅಮೃತ ತೊಟ್ಟಿಕ್ಕಿಸುತ್ತಿದ್ದಳು.

"ಮನುಷ್ಯ ಸುಳ್ಳು ಹೇಳ್ತಾನಪ್ಪಾ, ಅವನ ಗಂಟಲು ಹೇಳಲ್ಲ" ಎನ್ನುತ್ತಿದ್ದ ಪ್ರಾಗಜಿ.

ಗಿರ್ನಾರದ ಕಡೆಯಿಂದ ಬಂದ ಒಬ್ಬ ಬಾಪು ಧರ್ಮಶಾಲೆಯಲ್ಲಿ ಇಳಿದಿದ್ದಾಗ ನಡೆದದ್ದನ್ನು ಜನ ಈಗಲೂ ಹೇಳುತ್ತಾರೆ. ಬಾಪು ಹನ್ನೆರಡು ವರ್ಷದಿಂದ ಗಾಳಿಯ ಮೇಲಿದ್ದಾರೆ ಎಂದು ಶಿಷ್ಯ ಸಾರಿದ್ದ. ಪ್ರಾಗಜಿ ಹೋಗಿ ಕೈಮುಗಿದ. "ಬಾಪು, ಒಂದು ಬೆಳಿಗ್ಗೆ ನನ್ನ ಅಂಗಡಿ ಮುಂದೆ ಪಾದ ಇಡಿ. ವ್ಯಾಪಾರಕ್ಕೆ ಒಳ್ಳೇದಾಗುತ್ತೆ." ಬಾಣಲೆಯ ಪಕ್ಕದಲ್ಲೇ ಮಂಚ ಹಾಕಿಸಿ ಕೂರಿಸಿದ. ಮೊದಲ ಒಬ್ಬೆ ಎಣ್ಣೆಗೆ ಬಿತ್ತು. ಓಮ, ಇಂಗು, ಮೆಣಸಿನ ಘಮ ಎದ್ದಿತು. ಬಾಪುವಿನ ಗಂಟಲಿನ ಉಬ್ಬು ಮೇಲೆ ಹೋಗಿ ಕೆಳಗೆ ಬಂತು. ಎರಡನೇ ಒಬ್ಬೆಗೆ ಬಾಪು ಕಣ್ಣು ಮುಚ್ಚಿದರು.

"ಧ್ಯಾನ" ಎಂದ ಶಿಷ್ಯ.

"ಹೌದು, ನನ್ನ ಬಾಣಲೆ ಮೇಲೇ ಇದೆ ಧ್ಯಾನ."

ಮಧ್ಯಾಹ್ನದ ಬಸ್ಸಿಗೆ ಗುರುಶಿಷ್ಯರು ಹೊರಟರು. ಹೊರಡುವ ಮೊದಲು ಶಿಷ್ಯ ಅಂಗಡಿಯ ಹಿಂಬಾಗಿಲಿಗೆ ಬಂದು ಅರ್ಧ ಕಿಲೋ ಕಟ್ಟಲು ಹೇಳಿದ. "ಆಶ್ರಮದ ಹಸುವಿಗೆ" ಎಂದ.

"ಹಸುವಿಗೆ ಕರಿದ ಮೆಣಸಿನಕಾಯಿನೂ ಹಾಕ್ಲಾ?"

ಶಿಷ್ಯ ಬೀದಿಯ ಕಡೆ ಒಮ್ಮೆ ನೋಡಿ, "ಹಾಕಿ" ಎಂದ.

ಹೀಗಿದ್ದ ಪ್ರಾಗಜಿಗೆ ಒಂದು ಫಾಲ್ಗುಣದ ಬೆಳಿಗ್ಗೆ, ವಾವಡಿ ದಾರಿಯ ಬಸ್ಸಿನ ಕಂಡಕ್ಟರ್ ಲಾಭಶಂಕರ ಪರಂಗಿಕಾಯಿ ತುರಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾ ಸುದ್ದಿ ಹೇಳಿದ.

"ಪ್ರಾಗಜಿಭಾಯಿ, ಕಂಡೋರ ಬಾಪುಗಳನ್ನ ನೋಡಿ ನಗ್ತಿದ್ದೆಯಲ್ಲ, ಈಗ ನಿನ್ನ ಮನೆತನದಲ್ಲೇ ಒಬ್ರು ಎದ್ದಿದಾರೆ."

"ಯಾರಪ್ಪಾ ಅದು?"

"ವಾವಡಿಯ ರಳಿಯಾತ್ ಮಾ. ಹೋದ ಮಳೆಗಾಲದಿಂದ ಅನ್ನ ಇಲ್ಲ, ನೀರಿಲ್ಲ. ನನ್ನ ಬಸ್ಸು ತುಂಬಾ ದರ್ಶನಕ್ಕೆ ಹೋಗೋ ಹೆಂಗಸರೇ. ನಿನ್ನ ಒಡಹುಟ್ಟಿದ ತಂಗಿ, ನಿಂಗೇ ಗೊತ್ತಿಲ್ವಾ?"

ಜಾಲರಿ ಸೌಟು ಪ್ರಾಗಜಿಯ ಕೈಯಲ್ಲಿ ನಿಂತೇಬಿಟ್ಟಿತು. ಆ ಒಬ್ಬೆ ಕಪ್ಪಾಯಿತು. ದೀಪಾವಳಿಯ ಗಿರಾಕಿ ಬಿಟ್ಟು ಹೋಗಲಾಗದೆ ಅವನು ಅಣ್ಣ ತಂಗಿಯ ಮನೆಗೆ ಉಣ್ಣಲು ಹೋಗುವ ಭಾಯಿಬೀಜದ ಹಬ್ಬವನ್ನು ಆ ವರ್ಷ ತಪ್ಪಿಸಿಕೊಂಡಿದ್ದ. ತಂಗಿಯ ಮನೆಯ ಊಟ ಅವತ್ತು ಆಗಿರಲಿಲ್ಲ. ಆದರೆ ರಳಿಯಾತ್ ಊಟ ಬಿಡುವುದೆಂದರೇನು? ಅಪ್ಪ ಇದೇ ಅಂಗಡಿ ನಡೆಸುತ್ತಿದ್ದಾಗ ಮಣೆಯ ಕೆಳಗೆ ಕೂತು ಮುರುಕುಗಳನ್ನೆಲ್ಲ ಮುಗಿಸುತ್ತಿದ್ದವಳು ಅವಳು. ಹಾಲು ಕಾಯಿಸಿದ ಪಾತ್ರೆಯ ತಳ ಕೆರೆಯುವುದಕ್ಕಾಗಿ ಅಣ್ಣನ ಕೈ ಕಚ್ಚಿದವಳು.

ಅವನು ಎರಡು ಮುಷ್ಟಿ ಬಿಸಿ ಗಾಂಠಿಯಾವನ್ನು ಪೇಪರಿನಲ್ಲಿ ಸುತ್ತಿ ಚೀಲದ ತಳಕ್ಕಿಟ್ಟು, ಲಾಭಶಂಕರನ ಬಸ್ಸನ್ನೇ ಹತ್ತಿದ.

ವಾವಡಿಯ ಮನೆಯ ಅಂಗಳದಲ್ಲಿ ರಳಿಯಾತ್ ಉಯ್ಯಾಲೆ ಮಣೆಯ ಮೇಲೆ ಕೂತಿದ್ದಳು. ಕೆಳಗೆ ಹೆಂಗಸರು. ಮುಂದಾಳುವಾಗಿ ನೆರೆಮನೆಯ ಜವೇರ್‌ಬೆನ್ ಬಂದವರನ್ನು ಸಾಲಾಗಿ ಕಾಲಿಗೆ ಬೀಳಿಸುತ್ತಿದ್ದಳು. ತಂಗಿ ಒಣಗಿ ಕಡ್ಡಿಯಾಗಿರಬಹುದು ಎಂದು ಹೆದರಿ ಬಂದಿದ್ದ ಪ್ರಾಗಜಿಗೆ ಕಂಡದ್ದು ಬೇರೆ. ಅವಳ ಕೆನ್ನೆ ತುಂಬಿಕೊಂಡಿತ್ತು, ರವಿಕೆಯ ತೋಳು ಬಿಗಿಯಾಗಿತ್ತು.

"ನೋಡಿ ಭಾಯಿ, ಮಾ ಮುಖದಲ್ಲಿ ಎಂಥಾ ತೇಜಸ್ಸು!" ಎಂದಳು ಜವೇರ್‌ಬೆನ್.

ಪ್ರಾಗಜಿ ತುಟಿ ಕಚ್ಚಿಕೊಂಡ. "ಇವಳ ಮಗಳ ಮದುವೆಯ ಮಾಮೇರು ಬಗ್ಗೆ ಅಣ್ಣತಂಗಿ ಮಾತಾಡ್ಬೇಕು" ಎಂದು ಹೇಳಿ ತಂಗಿಯನ್ನು ಒಳಕೋಣೆಗೆ ಕರೆದೊಯ್ದು ಚಿಲಕ ಹಾಕಿದ. ಸೋದರಮಾವ ತವರಿನ ಉಡುಗೊರೆ ಹೊತ್ತು ತರುವ ಮಾಮೇರು ಎಂದರೆ ಯಾರೂ ಅಡ್ಡ ಬರುವಂತಿಲ್ಲ.

ಪೊಟ್ಟಣ ಬಿಚ್ಚಿದ. ರಳಿಯಾತ್ ಕೈ ಚಾಚಿದಳು. ಒಂದು ಗಾಂಠಿಯಾ ತೆಗೆದು ಕಚ್ಚಿದಳು. ಕರಂ ಎಂದಿತು. ಅವಳು ಬೆಚ್ಚಿ ಬಾಗಿಲ ಕಡೆ ನೋಡಿದಳು, ಆಮೇಲೆ ಅಳತೊಡಗಿದಳು, ಅಳುತ್ತಲೇ ಇನ್ನೊಂದು ಕಚ್ಚಿದಳು.

"ಎಂಟು ತಿಂಗಳಾಯ್ತು ಮೋಟಾಭಾಯಿ, ಸದ್ದಾಗೋದು ಯಾವುದೂ ತಿಂದಿಲ್ಲ. ಹಪ್ಪಳ ಇಲ್ಲ, ಖಾಖ್ರಾ ಇಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ತಿಂತೀನಿ. ಬಾಳೆಹಣ್ಣು, ಖಿಚಡಿ, ತುಪ್ಪದ ಶೀರಾ. ಎಲ್ಲಾ ಮೆತ್ತಗಿರೋದು."

"ಅದಕ್ಕೇ ಆ ತೇಜಸ್ಸು" ಎಂದ ಪ್ರಾಗಜಿ. ಇಬ್ಬರೂ ಬಾಯಿಗೆ ಸೆರಗು, ಟವೆಲು ಒತ್ತಿಕೊಂಡು ನಕ್ಕರು.

ಕಥೆ ದೊಡ್ಡದೇನಲ್ಲ. ಚಾತುರ್ಮಾಸದಲ್ಲಿ ದಿನಕ್ಕೊಂದೇ ಊಟದ ವ್ರತ ಹಿಡಿದಿದ್ದಳು. ಊರಲ್ಲಿ ಭಾಗವತ ಸಪ್ತಾಹ ನಡೆದಾಗ ಮುಂದಿನ ಸಾಲಿನಲ್ಲಿ ಕೂತಿದ್ದಳು. ಕೊನೆಯ ದಿನ ಕಥೆ ಹೇಳುವ ಮಹಾರಾಜರು ವೇದಿಕೆಯಿಂದಲೇ, ಈ ತಾಯಿಯ ತುಟಿಗೆ ಒಂದು ಹನಿ ನೀರು ಸೋಕಿದ್ದನ್ನೂ ನಾನು ಕಾಣಲಿಲ್ಲ ಎಂದುಬಿಟ್ಟರು. ಅಷ್ಟೇ ಸಾಕಾಯಿತು.

"ನಾನು ತಿಂತೀನ್ರೇ ಅಂದೆ. ದೊಡ್ಡೋರು ಯಾವತ್ತೂ ಒಪ್ಕೊಳ್ಳಲ್ಲ ಅಂತ ಜವೇರ್‌ಬೆನ್ ಇನ್ನಷ್ಟು ಬಗ್ಗಿ ಕಾಲಿಗೆ ಬಿದ್ಲು. ಇಲ್ಲ ಅಂದಷ್ಟೂ ಜನ ಜಾಸ್ತಿ ಆದ್ರು."

"ಆಮೇಲೆ?"

"ಆಮೇಲೆ ಸುಮ್ನಾದೆ." ಅವಳು ತುಟಿಯ ಮೇಲಿನ ಪುಡಿ ಒರೆಸಿಕೊಂಡಳು. "ನಿನ್ಹತ್ರ ಯಾಕೆ ಮುಚ್ಚಿಡ್ಲಿ, ಚೆನ್ನಾಗೂ ಇತ್ತು. ಈ ಊರಿಗೆ ಬಂದಾಗಿಂದ ರೊಟ್ಟಿ ಬಡೀತಾನೇ ಇದೀನಿ, ಒಬ್ರೂ ತಲೆ ಎತ್ತಿ ನನ್ನ ಮುಖ ನೋಡಿರ್ಲಿಲ್ಲ. ತಿನ್ನೋದು ಬಿಟ್ಟಿದಾಳೆ ಅಂದ್ಮೇಲೆ ನೋಡಿದ್ರು."

ಯಾರೋ ಬಾಗಿಲು ಮೆಲ್ಲಗೆ ಬಡಿದರು. ಪ್ರಾಗಜಿ ಚಿಲಕ ತೆಗೆದ. ಅವಳ ಗಂಡ ಜಮನಾದಾಸ ಹೆಗಲ ಮೇಲಿನ ಬಟ್ಟೆಯಡಿ ಬಾಳೆಹಣ್ಣಿನ ಚಿಪ್ಪು ಅಡಗಿಸಿಕೊಂಡು ಒಳಗೆ ಬಂದ.

"ಯಾರಾದ್ರೂ ಕೇಳಿದ್ರೆ ಹಸುವಿಗೆ ಅಂತೀನಿ" ಎಂದ.

"ಇಲ್ಲೂ ಅದೇ ಹಸುವಾ ಭಾವಾ?" ಎಂದ ಪ್ರಾಗಜಿ.

ನಗು ಮುಗಿದ ಮೇಲೆ ರಳಿಯಾತ್ ತನ್ನ ನಿಜವಾದ ಸಂಕಟ ಹೇಳಿದಳು. ಅಖಾತ್ರೀಜಕ್ಕೆ, ಅಂದರೆ ಅಕ್ಷಯ ತದಿಗೆಗೆ, ಮಗಳು ಹೀರಲ್‌ಳ ಮದುವೆ. ಅದು ಅಣ್ಣನಿಗೂ ಗೊತ್ತಿತ್ತು, ಗೊತ್ತಿಲ್ಲದ್ದೆಂದರೆ ಜಸದಣದ ಗಂಡಿನ ಮನೆಯವರು ಸಂಬಂಧ ಕೇಳಿ ಬಂದದ್ದೇ ಮಾತಾಜಿಯ ಮಗಳು ಎಂದು. ಗಂಡಿನ ಅಜ್ಜನಂತೂ ಅಂಗಳದಲ್ಲಿ ಉದ್ದಕ್ಕೂ ಅಡ್ಡಬಿದ್ದಿದ್ದರು. ನಿಜ ಹೊರಬಿದ್ದರೆ ಸಂಬಂಧ ಮುರಿಯಬಹುದು. ಬೀಳದಿದ್ದರೆ, ಮದುವೆಯ ಮನೆ ತುಂಬಾ ನೆಂಟರು.

"ಬಚ್ಚಲಿಗೂ ಸಾಲು ನಿಂತಿರುತ್ತೆ. ಅಂಗಳದಲ್ಲಿ ಅಡಿಗೆಯವರು ಮೋಹನಥಾಳ ಮಿಠಾಯಿ ಕತ್ತರಿಸ್ತಿರ್ತಾರೆ. ನಾನು ನೋಡ್ತಾ ಕೂತಿರ್ಬೇಕಾ? ನಂಗೇನೂ ಬೇಡ ಮೋಟಾಭಾಯಿ. ನನ್ನ ಮಗಳ ಮದುವೇಲಿ ಪಂಕ್ತಿಲಿ ಕೂತು ಒಂದೂಟ ಮಾಡ್ಬೇಕು."

ಗೊಂಡಲಕ್ಕೆ ಮರಳಿದ ಪ್ರಾಗಜಿಗೆ ಅಂಗಡಿಯಲ್ಲಿ ನಗು ಬರದಾಯಿತು. ಬೇರೆಯವರ ತಂಗಿಯಾಗಿದ್ದರೆ ಸುಲಭವಿತ್ತು. ಕೂಗಿ ಹೇಳಿದರೆ ರಳಿಯಾತ್‌ಳ ಮಾನ ಹೋಗುತ್ತದೆ. ಸುಮ್ಮನಿದ್ದರೆ ಅವಳು ಸ್ವಂತ ಮಗಳ ಮದುವೆಯಲ್ಲಿ ಹಸಿದಿರುತ್ತಾಳೆ.

"ಏನು, ತಂಗೀನ ಬಾಣಲೆ ಮುಂದೆ ಕೂರಿಸಲ್ವಾ?" ಎಂದು ಲಾಭಶಂಕರ ದಿನಾ ಕೆಣಕುತ್ತಿದ್ದ.

"ಮೊದಲು ತಿಂದ ತಟ್ಟೆ ತೊಟ್ಟಿಗೆ ಹಾಕು" ಎಂದಷ್ಟೇ ಹೇಳುತ್ತಿದ್ದ ಪ್ರಾಗಜಿ.

ಮದುವೆಯ ಬೆಳಿಗ್ಗೆ ಪ್ರಾಗಜಿಯ ಮನೆಯವರು ಟೆಂಪೋ ತುಂಬಾ ಮಾಮೇರು ಹೊತ್ತು, ಢೋಲು ಬಡಿಸುತ್ತ ವಾವಡಿಗೆ ಬಂದರು. ತಟ್ಟೆಗಳಲ್ಲಿ ಬಟ್ಟೆ, ಬೆಳ್ಳಿಯ ಕಾಲ್ಗೆಜ್ಜೆ, ಎಲ್ಲಕ್ಕೂ ಮೇಲೆ ಮದುಮಗಳು ಉಡಬೇಕಾದ ಬಿಳಿ ಕೆಂಪಿನ ಪಾನೇತರ್ ಸೀರೆ. ಗಂಡಿನ ಕಡೆಯವರು ಹಿಂದಿನ ಸಂಜೆಯೇ ಬಂದು ಶಾಲೆಯಲ್ಲಿ ಇಳಿದಿದ್ದರು. ಅವರ ಹೆಂಗಸರೂ ಮಾಮೇರು ನೋಡಲು ನೆರೆದಿದ್ದರು. ಹೊಸಿಲಲ್ಲಿ ನಿಂತ ರಳಿಯಾತ್‌ಳ ಮುಖ ಬಾಡಿತ್ತು. ನಿನ್ನೆಯಿಂದ ಅವಳಿಗೆ ಏನೂ ಸಿಕ್ಕಿಲ್ಲ ಎಂಬುದು ಅಣ್ಣನಿಗೆ ನೋಡಿದೊಡನೆ ತಿಳಿಯಿತು.

ಪ್ರಾಗಜಿ ತಂಗಿಯ ಹೆಗಲಿಗೆ ತವರಿನ ಸೀರೆ ಹೊದಿಸಿದ. ಆಮೇಲೆ ತಾನೇ ಮಾಡಿ ತಂದಿದ್ದ ಮೋಹನಥಾಳದ ತುಂಡೊಂದನ್ನು ಅವಳ ಬಾಯಿಯ ಹತ್ತಿರ ಹಿಡಿದ.

"ಬಾಯಿ ತೆಗಿ, ರಳೂ."

ಢೋಲು ನಿಂತಿತು. ಜವೇರ್‌ಬೆನ್ ಮುನ್ನುಗ್ಗಿದಳು. "ಭಾಯಿ, ಮಾ ತಗೊಳ್ಳಲ್ಲ. ಅವರ ನೋಟ ಬಿದ್ರೆ ಸಾಕು."

"ಹಾಗಾದ್ರೆ ನನ್ನ ಮಾಮೇರೂ ನೋಟದಲ್ಲೇ ತಗೊಳ್ಳಿ, ಟೆಂಪೋ ವಾಪಸ್ ಹೋಗುತ್ತೆ. ತಂಗಿ ಬಾಯಿ ಸಿಹಿ ಆಗದೆ ಅಣ್ಣನ ಸೀರೆ ಯಾವ ಮನೆ ಹೊಸಿಲು ದಾಟಿದೆ, ಹೇಳು ಬೆನ್."

ಜವೇರ್‌ಬೆನ್‌ ಒಂದು ಹೆಜ್ಜೆ ಹಿಂದೆ ಸರಿದಳು. ಪಾನೇತರ್ ಇಲ್ಲದೆ ಹೀರಲ್ ಮಂಟಪಕ್ಕೆ ಬರುವಂತಿರಲಿಲ್ಲ. ಅಣ್ಣನ ಕೈಯ ತುತ್ತನ್ನು ಯಾವ ವ್ರತವೂ ತಡೆಯದು. ತಿಂದರೆ ತಂಗಿಯ ಮಾನಕ್ಕೂ ಧಕ್ಕೆಯಿಲ್ಲ. ವಾರಗಟ್ಟಲೆ ಯೋಚಿಸಿ ಪ್ರಾಗಜಿ ಕಂಡುಕೊಂಡ ದಾರಿ ಇದು. ತಂಗಿ ಬಾಯಿ ತೆರೆಯುತ್ತಾಳೆ ಎಂದು ಅವನು ಕಾದ. ಅವಳು ತೆರೆದಳು, ಆದರೆ ಮಾತಾಡಲು.

"ನಾನು ತಿಂತೀನಿ. ದಿನಾ ತಿಂತಿದ್ದೆ. ನಿನ್ನೆ ಒಂದಿನ ಬಿಟ್ಟು" ಎಂದಳು ಎಲ್ಲರಿಗೂ ಕೇಳುವಂತೆ.

ಜವೇರ್‌ಬೆನ್‌ಳ ಕಣ್ಣಲ್ಲಿ ನೀರು ತುಂಬಿತು.

"ಕೇಳಿದ್ರಾ! ಅಣ್ಣನ ಮಾನ ಉಳಿಸೋಕೆ ತನ್ನ ತಪಸ್ಸನ್ನೇ ಸುಳ್ಳು ಅಂತಿದಾಳೆ ನಮ್ಮಮ್ಮ! ಜೈ ರಳಿಯಾತ್ ಮಾ!"

ಜೈಕಾರ ಎದ್ದಿತು. ಮೋಹನಥಾಳ ಹಿಡಿದ ಪ್ರಾಗಜಿಯ ಕೈ ಗಾಳಿಯಲ್ಲೇ ಉಳಿಯಿತು. ಜೀವಮಾನವೆಲ್ಲ ಸುಳ್ಳನ್ನು ನೋಡಿ ನಕ್ಕವನಿಗೆ, ನಿಜವನ್ನೇ ನಂಬದ ಜನರ ಮುಂದೆ ಏನು ಮಾಡಬೇಕೆಂದು ತೋಚಲಿಲ್ಲ.

ಆಗ ಹೆಂಗಸರ ನಡುವಿನಿಂದ ದೊಡ್ಡ ನಗೆಯೊಂದು ಕೇಳಿತು. ಗಂಡಿನ ತಾಯಿ ಅಂಜವಾಳಿಬೆನ್ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಜೈಕಾರ ಆಮೇಲೆ ಹಾಕಿ. ಬೀಗಿತ್ತಿ, ನಿನ್ನೆ ಸಂಜೆ ಬಳೆಗಾರ ನಿಮ್ಮ ಕೈಗೆ ಬಳೆ ಏರಿಸೋಕೆ ಸೋಪು ಹಚ್ಚಿದ್ದನ್ನ ನಾನೇ ಕೂತು ನೋಡಿದೀನಿ. ಗಾಳಿ ತಿಂದು ಮಣಿಕಟ್ಟು ಇಷ್ಟು ಗುಂಡಗಾಗುತ್ತೆ ಅನ್ನೋದಾದ್ರೆ ನಮ್ಮನೇಲಿ ಎಮ್ಮೆಗಳಿಗೂ ಗಾಳಿನೇ ಹಾಕ್ತೀನಿ!"

ಗಂಡಿನ ಕಡೆಯ ಹೆಂಗಸರು ಗೊಳ್ಳೆಂದರು. ರಳಿಯಾತ್ ನಗಲಿಲ್ಲ. "ಬೀಗಿತ್ತಿ, ನನ್ನ ಮಗಳನ್ನ..." ಎಂದು ತೊದಲಿದಳು.

"ನಿಮ್ಮ ಮಗಳು ನಮ್ಮ ಮಾವನೋರಿಗೆ ಮಾತಾಜಿ ಮಗಳು ಅಂತ ಬೇಕಿತ್ತು. ನಂಗೆ ಅದೇ ಭಯ. ಉಪವಾಸದ ಮನೆ ಹುಡುಗಿ ಬಂದು ನಮ್ಮ ಒಲೇನೂ ಆರಿಸಿಬಿಟ್ರೆ ನನ್ನ ಗತಿ ಏನು ಅಂತ ನಿಶ್ಚಿತಾರ್ಥ ಆದಾಗಿಂದ ನಂಗೆ ನಿದ್ದೆ ಇಲ್ಲ. ತಿನ್ನಿ ತಾಯೀ, ತಿಂದು ನನ್ನ ಭಯ ಬಿಡಿಸಿ!"

ಹೇಳುತ್ತಲೇ ಅವಳು ಪ್ರಾಗಜಿಯ ಕೈಯನ್ನು ಹಿಡಿದು ಮುಂದಕ್ಕೆ ತಳ್ಳಿದಳು. ಮೋಹನಥಾಳ ಇಡಿಯಾಗಿ ರಳಿಯಾತ್‌ಳ ಬಾಯೊಳಗೆ ಹೋಯಿತು. ಅವಳು ಅಗಿದಳು. ಕಣ್ಣು ಮುಚ್ಚಿ, ಅವಸರವಿಲ್ಲದೆ, ಎಲ್ಲರೆದುರು ಅಗಿದಳು. ಅಂಜವಾಳಿಬೆನ್ ತನ್ನ ಕೈಯಿಂದ ಇನ್ನೊಂದು ತುಂಡು ತುರುಕಿದಳು. ಢೋಲಿನವನಿಗೆ ಯಾರೂ ಹೇಳಲಿಲ್ಲ, ಅವನೇ ಶುರುಮಾಡಿದ. ಗಂಡಿನ ಕಡೆಯವರಿಗೆ ಬೀಗರನ್ನು ಹಂಗಿಸುವ ಫಟಾಣಾ ಹಾಡಿಗೆ ವಸ್ತು ಸಿಕ್ಕಿಹೋಯಿತು:

"ಗಾಳಿ ತಿಂದಳಂತೆ ಬೀಗಿತ್ತಿ, ಗಾಳಿಗೆ ತುಪ್ಪ ಬಿಟ್ಟಳಂತೆ,
ಬಿಸಿಲು ಕುಡಿದಳಂತೆ ಬೀಗಿತ್ತಿ, ಬಿಸಿಲಿಗೆ ಬೆಲ್ಲ ಹಾಕಿದಳಂತೆ!"

ಮಧ್ಯಾಹ್ನ ಧಾರೆ ಮುಗಿದು ಪಂಕ್ತಿ ಬಿದ್ದಾಗ ರಳಿಯಾತ್ ಹೊಸ ಸೀರೆಯುಟ್ಟು, ಬೀಗಿತ್ತಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ಪ್ರಾಗಜಿ ಬಡಿಸುವವರ ಕೈಯಿಂದ ಪೂರಿಯ ಬುಟ್ಟಿ ಕಿತ್ತುಕೊಂಡು ಆ ಸಾಲಿಗೆ ತಾನೇ ನಿಂತ. ಲಾಭಶಂಕರ ಅಷ್ಟರಲ್ಲಿ ಬಸ್ಸು ನಿಲ್ಲಿಸಿ ಊಟಕ್ಕೆ ಬಂದಿದ್ದ.

"ಅಂತೂ ಗೆದ್ದೆ ಬಿಡು."

"ಎಲ್ಲಿ ಗೆದ್ದೆ? ಆ ಮೂಲೇಲಿ ಜವೇರ್‌ಬೆನ್ ಏನ್ ಹೇಳ್ತಿದಾಳೆ ಕೇಳು."

ಅಣ್ಣನಿಗೋಸ್ಕರ ಮಾ ಇವತ್ತೊಂದು ದಿನ ಅನ್ನ ಮುಟ್ಟಿದ್ದಾರೆ ಎಂದು ತಡವಾಗಿ ಬಂದವರಿಗೆಲ್ಲ ಅವಳು ಹೇಳುತ್ತಿದ್ದಳು.

"ಹೋಗಿ ಜಗಳ ಆಡಲ್ವಾ?" ಎಂದ ಲಾಭಶಂಕರ.

"ನಾಳೆ ಆಡ್ತೀನಿ. ಇವತ್ತು ಪೂರಿ ಆರಿಹೋಗುತ್ತೆ. ನೀನು ಆ ದಾಳ್ ಬಕೆಟ್ ಹಿಡಿ."

ಅವಳ ಮಾತು ಕೇಳಿ ಬಂದ ಮುದುಕಿಯೊಬ್ಬಳು ಕೋಲೂರಿಕೊಂಡು ಪಂಕ್ತಿಯ ನಡುವೆ ನುಸುಳಿ ರಳಿಯಾತ್‌ಳ ಕಾಲಿಗೆ ಬಗ್ಗಿದಳು. ರಳಿಯಾತ್‌ಳ ಬಾಯಿ ತುಂಬಿತ್ತು. ಅವಳು ಎಡಗೈಯಿಂದ ಮುದುಕಿಯ ತೋಳು ಹಿಡಿದು ನಿಲ್ಲಿಸಿ, ತುತ್ತು ನುಂಗಿದಳು.

"ಬೇಡ ಅಜ್ಜಿ, ಕೂತ್ಕೊಳ್ಳಿ. ನೀವೂ ಊಟ ಮಾಡಿಲ್ಲ ಅಲ್ವಾ?"

ಮುದುಕಿ ತಬ್ಬಿಬ್ಬಾಗಿ ಇಲ್ಲವೆಂದು ತಲೆಯಾಡಿಸಿದಳು. ರಳಿಯಾತ್ ತಟ್ಟೆ ಸರಿಸಿದಳು, ಅಂಜವಾಳಿಬೆನ್ ಸರಿದಳು, ಅವಳಾಚೆಯವಳೂ ಸರಿದಳು. ಚಾಪೆಯ ಮೇಲೆ ಒಬ್ಬರ ಜಾಗ ತೆರವಾಯಿತು.

"ಮೋಟಾಭಾಯಿ, ಇಲ್ಲೊಂದು ತಟ್ಟೆ!" ಎಂದು ಅವಳು ಅಂಗಳವೆಲ್ಲ ಕೇಳುವಂತೆ ಕೂಗಿದಳು. "ಹಾಗೇ ನಂಗೆ ಇನ್ನೆರಡು ಪೂರಿ."