ನೆರಳಿಲ್ಲದ ಮಧ್ಯಾಹ್ನ

ನಮ್ಮೂರು ವಲಾಂಡಿಯ ಶಾಲೆಯ ಭೂಗೋಳದ ಮಾಸ್ತರರ ಜೇಬಿನಲ್ಲಿ ಆಕಾಶದ ಸುದ್ದಿಯ ಪೇಪರ್ ತುಣುಕು ಸದಾ ಇರುತ್ತಿತ್ತು. “ಮುಗಿಲು ಪುಕ್ಕಟ ಅದ, ನೋಡ್ರಿ,” ಎಂದು ಎದುರಾದವರಿಗೆಲ್ಲ ಹೇಳುತ್ತಿದ್ದರು.

ಬರಗಾಲದ ಒಂದು ಮೇ ತಿಂಗಳು. ಟ್ಯಾಂಕರಿಗೆ ಕಾದಿದ್ದ ಕೊಡಗಳ ಸಾಲಿನ ಕೊನೆಗೆ ತಮ್ಮದನ್ನೂ ಇಟ್ಟು ಮಾಸ್ತರರು ಕೂಗಿದರು: “ಇವತ್ತ ಸೂರ್ಯ ನೆಟ್ಟಗ ನೆತ್ತಿ ಮ್ಯಾಲ ಬರ್ತಾನ. ಕೊಡದ ನೆರಳ ನೋಡ್ಕೊಂತ ಕೂಡ್ರಿ!”

ಹನ್ನೆರಡು ದಾಟಿದ ಸ್ವಲ್ಪ ಹೊತ್ತಿಗೆ ನೆರಳುಗಳೆಲ್ಲ ಕೊಡಗಳ ಅಡಿಗೆ ಸೇರಿ ಮಾಯವಾದವು. ಹೆಂಗಸರು ಗಿರಗಿರ ತಿರುಗಿ ತಮ್ಮ ನೆರಳು ಹುಡುಕಿದರು. “ನಂದೂ ಇಲ್ಲವ್ವಾ!” ಎಂದು ನಮ್ಮಜ್ಜಿ ಬಾಯಿಗೆ ಸೆರಗಿಟ್ಟು ನಕ್ಕಳು. ಟ್ಯಾಂಕರ್ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಡ್ರೈವರೇ ಇಳಿದು ಕೇಳಿದ, “ಏನ್ ಕಳಕೊಂಡೀರಿ ಎಲ್ಲಾರೂ?”

ಸಾಲಿನಲ್ಲಿ ಒಂದು ಜಾಗಕ್ಕಾಗಿ ಯಾರ ಜೊತೆಗೂ ಜಗಳಕ್ಕಿಳಿಯುತ್ತಿದ್ದ ಅಜ್ಜಿ, ಅವತ್ತು ಕೊನೆಯವರೆಗೂ ನಡೆದುಹೋಗಿ ಮಾಸ್ತರರ ಕೊಡ ಎತ್ತಿ ತಂದು, ತನ್ನ ಕೊಡದ ಮುಂದೆ ಇಟ್ಟಳು.